ವೈದ್ಯರಿಲ್ಲದ ಊರಿನಲ್ಲಿ ವೈದ್ಯಸಹಾಯಕರ ಅಧಿಕಾರ

ಅಮೆರಿಕದ ಸಂಯುಕ್ತ ಸಂಸ್ಥಾನದ ಎರಡು ರಾಜ್ಯಗಳು ಒಂದೇ ಪ್ರಶ್ನೆಗೆ ಹೆಚ್ಚುಕಡಮೆ ಒಂದೇ ಕಾಲದಲ್ಲಿ ಪರಸ್ಪರ ವಿರುದ್ಧವಾದ ಎರಡು ಉತ್ತರಗಳನ್ನು ಶಾಸನದ ಮೂಲಕ ಕೊಟ್ಟಿರುವುದು ವಿಚಾರಯೋಗ್ಯವಾದ ಸಂಗತಿ. ಪಶ್ಚಿಮದ ಮೊಂಟಾನಾ ರಾಜ್ಯವು 2023ರಲ್ಲಿ, 8,000 ಗಂಟೆಗಳ ಅನುಭವವನ್ನು ಪಡೆದ ಫಿಸಿಷಿಯನ್ ಅಸಿಸ್ಟೆಂಟರು, ಎಂದರೆ ವೈದ್ಯಸಹಾಯಕರು, ಯಾವ ಡಾಕ್ಟರರೊಡನೆಯೂ ಒಪ್ಪಂದವನ್ನು ಬರೆದುಕೊಳ್ಳದೆ ತಮ್ಮ ಶಿಕ್ಷಣದ ಮಿತಿಯೊಳಗೆ ಸ್ವತಂತ್ರವಾಗಿ ಚಿಕಿತ್ಸೆ ಮಾಡಬಹುದೆಂದು ವಿಧಿಸಿತು. ಪೂರ್ವದ ವರ್ಜೀನಿಯಾ ರಾಜ್ಯವು ಅದರ ಮರುವರ್ಷವೇ, ತುರ್ತು ಚಿಕಿತ್ಸಾ ವಿಭಾಗವುಳ್ಳ ಆಸ್ಪತ್ರೆಯಲ್ಲಿ ಹಗಲಿರುಳೂ ಒಬ್ಬ ಡಾಕ್ಟರು ಖುದ್ದಾಗಿ ಹಾಜರಿರಲೇಬೇಕೆಂದು ಕಾನೂನು ಮಾಡಿ, 2025ರ ಜುಲೈ 1ರಿಂದ ಅದನ್ನು ಜಾರಿಗೆ ತಂದಿತು. ಒಂದು ಕಡೆ ನುರಿತ ಸಹಾಯಕರೇ ಸಾಕು. ಇನ್ನೊಂದು ಕಡೆ ಡಾಕ್ಟರಲ್ಲದೆ ಸಾಗದು. ಎರಡು ಕಡೆಯೂ ವಾದಕ್ಕೆ ಆಧಾರವಾಗಿ ನಿಂತಿರುವುದು ರೋಗಿಯ ಹಿತವೇ. ಈ ಎರಡರಲ್ಲಿ ಯಾವುದು ಸರಿಯೆಂದು ತೀರ್ಮಾನಿಸಹೊರಡುವ ಮೊದಲು, ಯಾವುದು ಯಾವ ಊರಿಗೆ ಸರಿ ಎಂದು ಕೇಳಬೇಕಾಗಿತ್ತೆಂಬುದು ನನ್ನ ಅಭಿಪ್ರಾಯ. ತುರ್ತು ಚಿಕಿತ್ಸೆಯಲ್ಲಿ ಸಹಾಯಕರಿಗೆ ಎಷ್ಟು ಅಧಿಕಾರವಿರಬೇಕೆಂಬುದನ್ನು ಅವರ ಪದವಿಯೊಂದನ್ನೇ ನೋಡಿ ನಿರ್ಧರಿಸುವುದು ಸಾಲದು. ಅವರು ನಿಂತಿರುವ ಸ್ಥಳಕ್ಕೂ ಮುಂದಿನ ಆಸ್ಪತ್ರೆಗೂ ನಡುವೆ ಇರುವ ದೂರವನ್ನು ಅಳೆದು ನಿರ್ಧರಿಸುವುದು ನ್ಯಾಯ.

ಈ ವೃತ್ತಿ ಹುಟ್ಟಿದ್ದೇ ಹಳ್ಳಿಯ ಅಭಾವದಿಂದ. ಉತ್ತರ ಕೆರೊಲಿನಾ ರಾಜ್ಯದ ಗಾರ್ಲೆಂಡ್ ಎಂಬ ಸಣ್ಣ ಊರಿನಲ್ಲಿ ಏಮಸ್ ಜಾನ್ಸನ್ ಎಂಬ ಡಾಕ್ಟರು ತಮ್ಮ ಬಳಿ ಕೆಲಸಕ್ಕಿದ್ದ ಹೆನ್ರಿ ಲೀ ಟ್ರೆಡ್ವೆಲ್ ಎಂಬ ಕರಿಯ ಜನಾಂಗದ ವ್ಯಕ್ತಿಗೆ ರೋಗಿಗಳನ್ನು ನೋಡುವ ಕೆಲಸವನ್ನು ಕೈಹಿಡಿದು ಕಲಿಸಿ, ವೈದ್ಯರ ಸಭೆಗಳಿಗೆಂದು ತಾವು ಪರಸ್ಥಳಕ್ಕೆ ಹೋದಾಗಲೆಲ್ಲ ದವಾಖಾನೆಯನ್ನು ಅವರ ವಶಕ್ಕೆ ಬಿಟ್ಟು ಹೋಗುತ್ತಿದ್ದರು. ಅದೇ ರಾಜ್ಯದ ಡ್ಯೂಕ್ ವಿಶ್ವವಿದ್ಯಾನಿಲಯದ ಯೂಜೀನ್ ಸ್ಟೆಡ್ ಈ ಜೋಡಿಯ ಕೆಲಸವನ್ನು ಬಲ್ಲವರಾಗಿದ್ದರು. ಅವರು 1965ರಲ್ಲಿ, ನೌಕಾದಳದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡಿ ನುರಿತು ಬಂದಿದ್ದ ನಾಲ್ವರನ್ನು ಸೇರಿಸಿಕೊಂಡು ಹೊಸದೊಂದು ಶಿಕ್ಷಣಕ್ರಮವನ್ನು ಆರಂಭಿಸಿದರು; 1967ರಲ್ಲಿ ಮೂವರು ತೇರ್ಗಡೆಯಾದರು. ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರಿಚರ್ಡ್ ಸ್ಮಿತ್ 1969ರಲ್ಲಿ ಇದೇ ಬಗೆಯ ಸೈನಿಕ ಶುಶ್ರೂಷಕರನ್ನು ತರಬೇತುಗೊಳಿಸಿ ಹಳ್ಳಿಗಾಡಿನ ಡಾಕ್ಟರುಗಳ ಜೊತೆಗೆ ಕಳುಹಿಸಿದರು. ರಣರಂಗದಲ್ಲಿ ರಕ್ತಸ್ರಾವವನ್ನು ತಡೆದು ಪ್ರಾಣವುಳಿಸಿದ ಕೈಗಳು ಸೈನ್ಯದಿಂದ ಹೊರಬಂದೊಡನೆ ಆಸ್ಪತ್ರೆಯಲ್ಲಿ ಒಂದು ಸೂಜಿಮದ್ದನ್ನು ಕೊಡಲೂ ಅನರ್ಹವಾಗುತ್ತಿದ್ದ ವಿಪರ್ಯಾಸಕ್ಕೆ ಈ ಶಿಕ್ಷಣಕ್ರಮವು ಪರಿಹಾರವಾಯಿತು.

ಇಂದು ಆ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ವೈದ್ಯಸಹಾಯಕರಿದ್ದಾರೆ. ಪದವಿಯ ಅನಂತರ ಸುಮಾರು 27 ತಿಂಗಳ ಸ್ನಾತಕೋತ್ತರ ಶಿಕ್ಷಣ, ಅದರಲ್ಲಿ ಸುಮಾರು 2,000 ಗಂಟೆಗಳ ಕಾಲ ರೋಗಿಗಳ ಸನ್ನಿಧಿಯಲ್ಲಿ ಅಭ್ಯಾಸ, ಕೊನೆಗೆ ರಾಷ್ಟ್ರಮಟ್ಟದ ಒಂದು ಪರೀಕ್ಷೆ, ಬಳಿಕ ಎರಡೆರಡು ವರ್ಷಗಳಿಗೊಮ್ಮೆ 100 ಗಂಟೆಗಳ ಮುಂದುವರಿದ ವ್ಯಾಸಂಗ, ಇದು ಅವರು ನಡೆದುಬರುವ ಹಾದಿ. ತುರ್ತು ಚಿಕಿತ್ಸೆಯಲ್ಲಿ ಪರಿಣತರೆನಿಸಿಕೊಳ್ಳುವ ಡಾಕ್ಟರು ನಾಲ್ಕು ವರ್ಷ ವೈದ್ಯಶಾಸ್ತ್ರವನ್ನು ಓದಿ, ಆಮೇಲೆ ಮೂರು ನಾಲ್ಕು ವರ್ಷ ಅದೇ ವಿಭಾಗದಲ್ಲಿ ಹಿರಿಯರ ಕೈಕೆಳಗೆ ದುಡಿದಿರುತ್ತಾರೆ. ಎರಡೂ ಸಮಾನವೆಂದು ವಾದಿಸುವುದು ಸತ್ಯಕ್ಕೆ ಅಪಚಾರ. ಹಾಗೆ ವಾದಿಸುವ ಅಗತ್ಯವೂ ಇಲ್ಲ. ಎರಡರಲ್ಲಿ ಯಾವುದು ಶ್ರೇಷ್ಠವೆಂಬುದು ಎರಡೂ ದೊರೆಯುವ ಊರಿನ ಪ್ರಶ್ನೆಯಷ್ಟೆ.

ದೊರೆಯದ ಊರು ಹೇಗಿರುತ್ತದೆಂಬುದನ್ನು ಮೊಂಟಾನಾದ ಗಾರ್ಫೀಲ್ಡ್ ಕೌಂಟಿಯನ್ನು ನೋಡಿ ತಿಳಿಯಬಹುದು. ಸುಮಾರು 4,800 ಚದರ ಮೈಲಿ ವಿಸ್ತಾರವುಳ್ಳ ಆ ಸೀಮೆ ನಮ್ಮ ಉತ್ತರ ಕನ್ನಡ ಜಿಲ್ಲೆಗಿಂತಲೂ ದೊಡ್ಡದು. ಉತ್ತರ ಕನ್ನಡದಲ್ಲಿ 2011ರ ಗಣತಿಯಂತೆ ಹದಿನಾಲ್ಕು ಲಕ್ಷಕ್ಕೂ ಮಿಕ್ಕು ಜನರಿದ್ದರೆ, ಅಲ್ಲಿ 2020ರ ಗಣತಿಯಂತೆ 1,200 ಜನರೂ ಇಲ್ಲ. ದನಕರುಗಳ ಮೇಲೂ ಗೋಧಿಯ ಮೇಲೂ ಬದುಕುವ ಆ ಒಕ್ಕಲುಗಳ ನಡುವೆ ಜೋರ್ಡನ್ ಎಂಬುದೊಂದೇ ಊರೆನ್ನಬಹುದಾದ ಊರು. ಅಲ್ಲಿಂದ ಮೈಲ್ಸ್ ಸಿಟಿಗೆ 80 ಮೈಲಿಗೂ ಹೆಚ್ಚು ದೂರ. ಹೃದ್ರೋಗದ ತಜ್ಞಚಿಕಿತ್ಸೆ ದೊರೆಯುವ ಬಿಲ್ಲಿಂಗ್ಸ್ ನಗರಕ್ಕೆ 150 ಮೈಲಿಗೂ ಹೆಚ್ಚು. ಚಳಿಗಾಲದಲ್ಲಿ ಹಿಮದ ಬಿರುಗಾಳಿ ಎದ್ದಿತೆಂದರೆ ಹೆಲಿಕಾಪ್ಟರು ಹಾರದು, ರಸ್ತೆಯೂ ಕಾಣದು. ಇಷ್ಟು ಕಡಮೆ ಜನಕ್ಕಾಗಿ, ದಿನಕ್ಕೊಬ್ಬ ಇಬ್ಬರು ತುರ್ತು ರೋಗಿಗಳು ಬಂದರೆ ಹೆಚ್ಚೆನ್ನುವ ಇಂಥ ಸ್ಥಳದಲ್ಲಿ, ಎಂಟೆಂಟು ಗಂಟೆಗಳ ಸರದಿಯ ಮೇಲೆ ತಜ್ಞರನ್ನು ಕೂರಿಸುವುದು ಯಾವ ಸರಕಾರಕ್ಕೂ ಸಾಧ್ಯವಾಗದು. ಸಾಧ್ಯವಾದರೂ, ರೋಗಿಗಳೇ ಬಾರದ ಆಸ್ಪತ್ರೆಯಲ್ಲಿ ತಜ್ಞರ ಕೈಚಳಕವು ಬೇಗನೆ ತುಕ್ಕುಹಿಡಿದೀತು.

ಮೊಂಟಾನಾದ ಶಾಸನಸಭೆಯು ಈ ವಾಸ್ತವವನ್ನು ಅರಿತು 1987ರಲ್ಲಿಯೇ ಒಂದು ಹೊಸ ಬಗೆಯ ಆಸ್ಪತ್ರೆಗೆ ಪರವಾನಗಿ ಕೊಡಲು ನಿಶ್ಚಯಿಸಿತು. ಬೇರೆ ಆಸ್ಪತ್ರೆಗೆ 35 ಮೈಲಿಗಿಂತ ದೂರವಿರಬೇಕು, ಇಲ್ಲವೆ ಚದರ ಮೈಲಿಗೆ ಆರು ಜನರಿಗಿಂತ ಕಡಮೆ ವಸತಿಯಿರುವ ಸೀಮೆಯಲ್ಲಿರಬೇಕು; ರೋಗಿಯನ್ನು 96 ಗಂಟೆಗಳಿಗಿಂತ ಹೆಚ್ಚು ಕಾಲ ಇರಿಸಿಕೊಳ್ಳಕೂಡದು; ಆಸ್ಪತ್ರೆಯನ್ನು ವೈದ್ಯಸಹಾಯಕರಾಗಲಿ ಉನ್ನತ ತರಬೇತಿ ಪಡೆದ ನರ್ಸುಗಳಾಗಲಿ ನಡೆಸಬಹುದು, ಡಾಕ್ಟರು ನಿಯತಕಾಲಕ್ಕೊಮ್ಮೆ ಬಂದು ನೋಡಿಹೋಗತಕ್ಕದ್ದು. ಇಂಥ ಆಸ್ಪತ್ರೆಗಳಲ್ಲಿ ಒಂದು ತೆರೆದದ್ದು ಇದೇ ಜೋರ್ಡನ್ನಿನಲ್ಲಿ. ಈ ಪ್ರಯೋಗವು ಫಲಿಸಿದ್ದರಿಂದ ಅಮೆರಿಕದ ಕಾಂಗ್ರೆಸ್ಸು 1997ರಲ್ಲಿ ಅದೇ ಅಚ್ಚಿನ ಸಣ್ಣ ಆಸ್ಪತ್ರೆಗಳನ್ನು ದೇಶದಾದ್ಯಂತ ಮಾನ್ಯಮಾಡಿತು. 25 ಹಾಸಿಗೆಗಳಿಗೆ ಮೀರದ ಅಂಥ ಆಸ್ಪತ್ರೆಗಳು ಇಂದು 1,300ಕ್ಕೂ ಹೆಚ್ಚಿವೆ. ಅವುಗಳ ನಿಯಮದಂತೆ, ತುರ್ತು ರೋಗಿ ಬಂದಾಗ ಅರ್ಧ ಗಂಟೆಯೊಳಗೆ, ಅತಿ ವಿರಳವಸತಿಯ ಸೀಮೆಯಲ್ಲಾದರೆ ಒಂದು ಗಂಟೆಯೊಳಗೆ, ಹಾಜರಾಗಬೇಕಾದವರು ಡಾಕ್ಟರೇ ಆಗಿರಬೇಕೆಂದಿಲ್ಲ, ವೈದ್ಯಸಹಾಯಕರಾದರೂ ಆದೀತು. ಆದರೆ ಟೆಲಿಫೋನಿನ ಮೂಲಕವೋ ರೇಡಿಯೋ ಮೂಲಕವೋ ಒಬ್ಬ ಡಾಕ್ಟರು ದಿನದ 24 ಗಂಟೆಯೂ ತಕ್ಷಣ ಮಾತಿಗೆ ದೊರೆಯುವಂತೆ ಏರ್ಪಾಡಿರಲೇಬೇಕು. ನಾನು ಹೇಳಹೊರಟಿರುವ ತತ್ತ್ವವೆಲ್ಲ ಈ ಎರಡು ಷರತ್ತುಗಳಲ್ಲಿ ಬೀಜರೂಪವಾಗಿ ಅಡಗಿದೆ. ದೂರವು ಅಧಿಕಾರವನ್ನು ಕೊಡುತ್ತದೆ. ಆ ಅಧಿಕಾರವನ್ನು ಒಂಟಿಯಾಗಿ ಹೊರಿಸದಿರುವ ಹೊಣೆ ಉಳಿದ ವ್ಯವಸ್ಥೆಯ ಮೇಲೆ ಬೀಳುತ್ತದೆ.

ಇಂಥ ಕಡೆ ರಾತ್ರಿಯ ಸರದಿಯಲ್ಲಿರುವ ಸಹಾಯಕರು ಮಾಡಬೇಕಾದ ಕೆಲಸವನ್ನು ಕುರಿತು ಸ್ವಲ್ಪ ಯೋಚಿಸಬೇಕು. ಎದೆನೋವೆಂದು ಬಂದವನಿಗೆ ಹತ್ತು ನಿಮಿಷದೊಳಗೆ ಇ.ಸಿ.ಜಿ. ತೆಗೆದು ಓದಬೇಕು, ಹೃದಯದ ರಕ್ತನಾಳ ಮುಚ್ಚಿಹೋಗಿದೆಯೆಂದು ಕಂಡು, ಅದನ್ನು ತೆರೆಯುವ ದೊಡ್ಡ ಆಸ್ಪತ್ರೆಗೆ ಎರಡು ಗಂಟೆಯೊಳಗೆ ತಲಪಿಸಲಾಗದೆಂದು ತಿಳಿದರೆ, ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಮದ್ದನ್ನು ಅಲ್ಲಿಯೇ ಕೊಡುವ ನಿರ್ಧಾರವನ್ನು ತೆಗೆದುಕೊಳ್ಳಬೇಕು, ಆ ಮದ್ದು ಕೊಡಬಾರದವನಿಗೆ ಬಿದ್ದರೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಸಾಯಲೂಬಹುದೆಂಬ ಅರಿವು ಆಗ ಮನಸ್ಸಿನಲ್ಲಿರಬೇಕು. ಟ್ರ್ಯಾಕ್ಟರು ಮಗುಚಿ ಎದೆ ಜಜ್ಜಿದವನು ಬಂದರೆ ಶ್ವಾಸಕೋಶದ ಸುತ್ತ ಸೇರಿದ ಗಾಳಿಯನ್ನು ಸೂಜಿಯಿಂದಲೋ ಕೊಳವೆಯಿಂದಲೋ ಹೊರತೆಗೆಯಬೇಕು; ಉಸಿರು ನಿಲ್ಲುತ್ತಿರುವವನ ಗಂಟಲಿಗೆ ಕೊಳವೆಯನ್ನು ಇಳಿಸಬೇಕು; ದಿನ ತುಂಬದ ಹೆರಿಗೆಯನ್ನು ಮಾಡಿಸಿ ತಾಯಿ ಮಗು ಇಬ್ಬರನ್ನೂ ನೋಡಿಕೊಳ್ಳಬೇಕು. 1986ರ ಕೇಂದ್ರ ಶಾಸನವೊಂದರಂತೆ, ತುರ್ತು ವಿಭಾಗಕ್ಕೆ ಬಂದವರು ಹಣ ಕೊಡಬಲ್ಲವರಾಗಿರಲಿ ಇಲ್ಲದಿರಲಿ, ಅವರನ್ನು ಪರೀಕ್ಷಿಸಿ ಪ್ರಾಣಾಪಾಯದಿಂದ ಪಾರುಮಾಡುವುದು ಆಸ್ಪತ್ರೆಯ ಕರ್ತವ್ಯ. ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳುಹಿಸುವಂತಿಲ್ಲ, ಬಾಗಿಲೊಳಗೆ ಇರುವವರು ಒಬ್ಬರೇ. ಈ ಸ್ಥಿತಿಯಲ್ಲಿ, ಡಾಕ್ಟರ ಅನುಮತಿಯಿಲ್ಲದೆ ಏನನ್ನೂ ಮಾಡಕೂಡದೆಂದು ಸಹಾಯಕರ ಕೈಕಟ್ಟಿದರೆ, ಆ ನಿಷೇಧದ ಬೆಲೆಯನ್ನು ತೆರುವವನು ಮೇಜಿನ ಮೇಲೆ ಮಲಗಿರುವ ರೋಗಿ.

ವೈದ್ಯರ ಆಕ್ಷೇಪಣೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ತುರ್ತು ಚಿಕಿತ್ಸಾ ವೈದ್ಯರ ಮಹಾಸಂಘವು, ಮೇಲ್ವಿಚಾರಣೆಯಿಲ್ಲದೆ ಸಹಾಯಕರು ತುರ್ತು ವಿಭಾಗದಲ್ಲಿ ಕೆಲಸಮಾಡುವುದನ್ನು ವಿರೋಧಿಸುತ್ತ ಬಂದಿದೆ. ಅವರ ಕಾರಣವು ಸ್ಪಷ್ಟವಾದದ್ದು: ಉಳಿದ ವಿಭಾಗಗಳಿಗೆ ರೋಗಿಯು ಒಂದು ರೋಗದ ಹೆಸರನ್ನು ಹೊತ್ತು ಬರುತ್ತಾನೆ, ತುರ್ತು ವಿಭಾಗಕ್ಕೆ ಹೆಸರಿಲ್ಲದ ನೋವನ್ನು ಹೊತ್ತು ಬರುತ್ತಾನೆ, ನೂರು ಸಾಮಾನ್ಯ ತಲೆನೋವುಗಳ ನಡುವೆ ಒಂದು ಮೆದುಳಿನ ರಕ್ತಸ್ರಾವವನ್ನು ಗುರುತಿಸುವ ಕಣ್ಣು ದೀರ್ಘಕಾಲದ ಶಿಷ್ಯವೃತ್ತಿಯಿಂದಲ್ಲದೆ ಬರದು. ಸಹಾಯಕರನ್ನೇ ಕುರಿತದ್ದಲ್ಲದಿದ್ದರೂ, ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಉನ್ನತ ತರಬೇತಿಯ ನರ್ಸುಗಳು ಸ್ವತಂತ್ರವಾಗಿ ಮಾಡಿದ ಚಿಕಿತ್ಸೆಯನ್ನು ಡಾಕ್ಟರುಗಳ ಚಿಕಿತ್ಸೆಯೊಡನೆ ಹೋಲಿಸಿ ಇಬ್ಬರು ಅರ್ಥಶಾಸ್ತ್ರಜ್ಞರು 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ನರ್ಸುಗಳ ಕೈಯಲ್ಲಿ ರೋಗಿಗೆ ಹಿಡಿದ ಕಾಲವೂ ತಗುಲಿದ ವೆಚ್ಚವೂ ಹೆಚ್ಚೆಂದು ತೋರಿಸಿತು. ಸ್ವಾತಂತ್ರ್ಯವಾದಿಗಳು ಇದನ್ನು ಮರೆಮಾಚಬಾರದು. ಡಾಕ್ಟರು ಸಿಗುವಲ್ಲಿ ಡಾಕ್ಟರೇ ನೋಡುವುದು ಮೇಲು ಎಂಬ ನಿರ್ಣಯಕ್ಕೆ ಈ ಅಧ್ಯಯನವು ಬಲವಾದ ಆಧಾರ. ಆದರೆ ಡಾಕ್ಟರು ಸಿಗದಲ್ಲಿ ಯಾರೂ ನೋಡದಿರುವುದು ಮೇಲು ಎಂಬ ನಿರ್ಣಯಕ್ಕೆ ಅದು ಆಧಾರವಾಗಲಾರದು.

ವೈದ್ಯರ ಭಯಕ್ಕೆ ಇನ್ನೊಂದು ಮೂಲವುಂಟು, ಅದು ವಣಿಕ್ಬುದ್ಧಿಗೆ ಸಂಬಂಧಿಸಿದ್ದು. ಆ ದೇಶದಲ್ಲಿ ಆಸ್ಪತ್ರೆಗಳ ತುರ್ತು ವಿಭಾಗಗಳಿಗೆ ಸಿಬ್ಬಂದಿಯನ್ನು ಒದಗಿಸುವ ಕೆಲಸವನ್ನು ದೊಡ್ಡ ಬಂಡವಾಳದ ಕಂಪನಿಗಳು ವಹಿಸಿಕೊಂಡಿವೆ. ಡಾಕ್ಟರಿಗೆ ಕೊಡುವ ಸಂಬಳದ ಒಂದು ಭಾಗದಲ್ಲಿಯೇ ಸಹಾಯಕರು ದೊರೆಯುತ್ತಾರೆಂದ ಮೇಲೆ, ತಜ್ಞರು ಧಾರಾಳವಾಗಿ ಸಿಗುವ ನಗರದಲ್ಲಿಯೂ ಅವರನ್ನು ಕಡಮೆ ಮಾಡಿ ಲಾಭವನ್ನು ಹೆಚ್ಚಿಸಿಕೊಳ್ಳುವ ಆಸೆ ಅಂಥ ಕಂಪನಿಗಳಿಗೆ ಹುಟ್ಟದೆ ಇರದು. ಹಳ್ಳಿಯ ಹೆಸರು ಹೇಳಿ ಪಡೆದ ಸ್ವಾತಂತ್ರ್ಯವನ್ನು ಪಟ್ಟಣದಲ್ಲಿ ಮಾರಿಕೊಳ್ಳುವ ಈ ದಾರಿಯನ್ನು ಮುಚ್ಚದೆ, ರಾಜ್ಯಕ್ಕೆಲ್ಲ ಏಕರೂಪವಾಗಿ ಅಧಿಕಾರ ಕೊಡುವ ಶಾಸನಗಳು ದೋಷಯುಕ್ತವಾದವು. ಅದೇ ರೀತಿ, ಪಟ್ಟಣದ ಈ ಪಿಡುಗನ್ನು ತಡೆಯುವುದಕ್ಕಾಗಿ ಎಲ್ಲ ಆಸ್ಪತ್ರೆಗಳಿಗೂ ಏಕರೂಪವಾಗಿ ಡಾಕ್ಟರನ್ನು ಕಡ್ಡಾಯಮಾಡುವ ಶಾಸನಗಳೂ ದೋಷಯುಕ್ತವಾದವೇ. ಏಕೆಂದರೆ, ಡಾಕ್ಟರನ್ನು ನೇಮಿಸಲಾರದ ಸಣ್ಣ ಆಸ್ಪತ್ರೆಯ ಮುಂದೆ ಉಳಿಯುವ ದಾರಿ ಬಾಗಿಲು ಹಾಕುವುದೊಂದೇ. 2010ರಿಂದೀಚೆಗೆ ಅಮೆರಿಕದ ಹಳ್ಳಿಗಾಡಿನಲ್ಲಿ ನೂರಕ್ಕೂ ಹೆಚ್ಚು ಆಸ್ಪತ್ರೆಗಳು ಮುಚ್ಚಿರುವಾಗ, ಅವುಗಳ ಸಾಲಿಗೆ ಇನ್ನಷ್ಟನ್ನು ಸೇರಿಸುವ ನಿಯಮವು ರೋಗಿಯನ್ನು ರಕ್ಷಿಸಿದಂತಾಗುವುದಿಲ್ಲ.

ಡಾಕ್ಟರೊಬ್ಬರು ಹಾಜರಿದ್ದ ಮಾತ್ರಕ್ಕೆ ತುರ್ತು ಚಿಕಿತ್ಸೆ ಸರಿಯಾಗಿ ನಡೆದೀತೆಂಬ ನಂಬಿಕೆಯನ್ನು ಪರೀಕ್ಷಿಸಿ ನೋಡಿದ ಒಂದು ಘಟನೆ ವೈದ್ಯಕೀಯ ಚರಿತ್ರೆಯಲ್ಲಿದೆ. 1976ರ ಫೆಬ್ರವರಿಯಲ್ಲಿ ಜೇಮ್ಸ್ ಸ್ಟೈನರ್ ಎಂಬ ಮೂಳೆತಜ್ಞರು ಹೆಂಡತಿ ಮಕ್ಕಳೊಡನೆ ತಮ್ಮ ಸಣ್ಣ ವಿಮಾನವನ್ನು ತಾವೇ ನಡೆಸುತ್ತ ಬರುವಾಗ, ನೆಬ್ರಾಸ್ಕಾ ರಾಜ್ಯದ ಹೊಲವೊಂದರಲ್ಲಿ ವಿಮಾನವು ಅಪಘಾತಕ್ಕೀಡಾಯಿತು. ಹೆಂಡತಿ ಸ್ಥಳದಲ್ಲಿಯೇ ತೀರಿಕೊಂಡರು; ಮಕ್ಕಳು ತೀವ್ರವಾಗಿ ಗಾಯಗೊಂಡರು. ಸಮೀಪದ ಗ್ರಾಮೀಣ ಆಸ್ಪತ್ರೆಯಲ್ಲಿ ಡಾಕ್ಟರಿದ್ದರೂ, ಬಹುವಿಧವಾಗಿ ಗಾಯಗೊಂಡವರನ್ನು ಯಾವ ಕ್ರಮದಲ್ಲಿ ನೋಡಬೇಕೆಂಬ ಪರಿಪಾಠ ಅಂದು ಅಲ್ಲಿರಲಿಲ್ಲ. ಆ ದುಃಖದಿಂದ ಎಚ್ಚೆತ್ತ ಸ್ಟೈನರ್ ತಮ್ಮ ಸಹೋದ್ಯೋಗಿಗಳೊಡನೆ ಸೇರಿ, ಮೊದಲು ಉಸಿರಿನ ದಾರಿ, ಅನಂತರ ಉಸಿರಾಟ, ಆಮೇಲೆ ರಕ್ತಪರಿಚಲನೆ ಎಂಬ ಕ್ರಮವನ್ನು ಹಳ್ಳಿಯ ವೈದ್ಯರಿಗೆ ಕಲಿಸುವ ಶಿಬಿರವನ್ನು 1978ರಲ್ಲಿ ಆರಂಭಿಸಿದರು. ಅಮೆರಿಕದ ಶಸ್ತ್ರವೈದ್ಯರ ಮಹಾಸಂಘವು ಎರಡು ವರ್ಷಗಳ ಅನಂತರ ಅದನ್ನು ತನ್ನದಾಗಿಸಿಕೊಂಡಿತು. ಇಂದು ಎ.ಟಿ.ಎಲ್.ಎಸ್. ಎಂಬ ಹೆಸರಿನಲ್ಲಿ ಅದು ಜಗತ್ತಿನಾದ್ಯಂತ ಹಬ್ಬಿದೆ. ಈ ವೃತ್ತಾಂತದಿಂದ ತಿಳಿಯಬೇಕಾದ್ದೇನೆಂದರೆ, ಪ್ರಾಣಾಪಾಯದ ಮೊದಲ ಗಂಟೆಯಲ್ಲಿ ಬೇಕಾದ ಕೌಶಲ ಪದವಿಯೊಡನೆ ತಾನಾಗಿ ಬರುವುದಿಲ್ಲ. ಅದನ್ನು ಪ್ರತ್ಯೇಕವಾಗಿ ಕಲಿಯಬೇಕು, ಮತ್ತೆ ಮತ್ತೆ ಅಭ್ಯಾಸ ಮಾಡಬೇಕು. ಹಾಗೆ ಅಭ್ಯಾಸ ಮಾಡಿದ ಸಹಾಯಕರು, ಹಾಗೆ ಮಾಡದ ಡಾಕ್ಟರಿಗಿಂತ ಆ ಒಂದು ಗಂಟೆಯ ಮಟ್ಟಿಗೆ ಹೆಚ್ಚು ಉಪಯುಕ್ತರಾದಾರು.

ಹಾಗಾದರೆ ಸ್ವಾತಂತ್ರ್ಯವನ್ನು ಯಾವ ಷರತ್ತುಗಳ ಮೇಲೆ ಕೊಡಬೇಕು? ಮೊದಲನೆಯದು ಸ್ಥಳ: ಸಣ್ಣ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವಾಗ ದೂರವನ್ನು ಅಳೆದಂತೆಯೇ ಇಲ್ಲಿಯೂ ಅಳೆದು, ಡಾಕ್ಟರಿರುವ ತುರ್ತು ವಿಭಾಗವು ನಿಜವಾಗಿ ಕೈಗೆಟುಕದ ಊರುಗಳಿಗೆ ಮಾತ್ರ ಈ ಅಧಿಕಾರವನ್ನು ಅನ್ವಯಿಸಬೇಕು; ಅದು ವ್ಯಕ್ತಿಯೊಡನೆ ಊರೂರಿಗೆ ಹೋಗುವ ಅಧಿಕಾರವಾಗಬಾರದು. ಎರಡನೆಯದು ವ್ಯಕ್ತಿ: 8,000 ಗಂಟೆಗಳ ಅನುಭವವೆಂದರೆ ಎಲ್ಲಿಯ ಅನುಭವ ಎಂದು ಕೇಳಬೇಕು, ಚರ್ಮರೋಗದ ದವಾಖಾನೆಯಲ್ಲಿ ಕಳೆದ ನಾಲ್ಕು ವರ್ಷಗಳು ಗಂಟಲಿಗೆ ಕೊಳವೆ ಇಳಿಸುವುದನ್ನು ಕಲಿಸವು. ಸಹಾಯಕರ ಪ್ರಮಾಣೀಕರಣ ಮಂಡಲಿಯು ತುರ್ತು ಚಿಕಿತ್ಸೆಗೆಂದೇ ನಡೆಸುತ್ತಿರುವ ವಿಶೇಷ ಅರ್ಹತಾಪತ್ರವನ್ನೂ, ವರ್ಷಕ್ಕೆ ಕೆಲವು ವಾರಗಳಾದರೂ ದೊಡ್ಡ ಆಸ್ಪತ್ರೆಯೊಂದರಲ್ಲಿ ಕೈ ಪಳಗಿಸಿಕೊಂಡು ಬರುವುದನ್ನೂ ಕಡ್ಡಾಯಗೊಳಿಸಬೇಕು. ಮೂರನೆಯದು ಸಂಪರ್ಕ, ನಾಲ್ಕನೆಯದು ಸಾಗಣೆ: ಕರೆದೊಡನೆ ಉತ್ತರಿಸುವ ತಜ್ಞರು, ಕೇಳಿದೊಡನೆ ರೋಗಿಯನ್ನು ಒಪ್ಪಿಕೊಳ್ಳುವ ದೊಡ್ಡ ಆಸ್ಪತ್ರೆ, ಇವೆರಡೂ ದಾಕ್ಷಿಣ್ಯಕ್ಕೆ ಒದಗುವ ಉಪಕಾರವಾಗಿರದೆ ಕಾನೂನಿನ ಕರ್ತವ್ಯವಾಗಿರಬೇಕು. ಕೊನೆಯದಾಗಿ, ತಮ್ಮನ್ನು ನೋಡುತ್ತಿರುವವರು ಡಾಕ್ಟರಲ್ಲವೆಂಬುದು ರೋಗಿಗೂ ಅವನ ಮನೆಯವರಿಗೂ ತಿಳಿದಿರಬೇಕು. ಸಂಭವಿಸಿದ ಪ್ರತಿಯೊಂದು ಸಾವೂ ಹೊರಗಿನವರ ವಿಮರ್ಶೆಗೆ ಒಳಪಡಬೇಕು.

ಇವುಗಳಲ್ಲಿ ಸಂಪರ್ಕವೇ ಎಲ್ಲಕ್ಕಿಂತ ಮುಖ್ಯವಾದದ್ದು. ಅನೇಕ ರಾಜ್ಯಗಳಲ್ಲಿ ಇಂದಿಗೂ ಇರುವ ಮೇಲ್ವಿಚಾರಣೆಯ ಒಪ್ಪಂದವು ಬಹುಮಟ್ಟಿಗೆ ಕಾಗದದ ವ್ಯವಹಾರ: ನೂರು ಮೈಲಿ ದೂರದಲ್ಲಿರುವ ಡಾಕ್ಟರೊಬ್ಬರು ತಿಂಗಳಿಗೊಮ್ಮೆ ಕೆಲವು ರೋಗಿಗಳ ದಾಖಲೆಗಳನ್ನು ತಿರುವಿಹಾಕಿ ಸಹಿಮಾಡುತ್ತಾರೆ, ಆ ಸಹಿ ಬೀಳುವ ಹೊತ್ತಿಗೆ ರೋಗಿ ಗುಣವಾಗಿರುತ್ತಾನೆ, ಇಲ್ಲವೆ ಇಲ್ಲವಾಗಿರುತ್ತಾನೆ. ಉತ್ತರ ಡಕೋಟಾ ರಾಜ್ಯವು 2019ರಲ್ಲಿ, ಆಸ್ಪತ್ರೆಯೇ ಮೊದಲಾದ ಪರವಾನಗಿ ಪಡೆದ ಸಂಸ್ಥೆಗಳಲ್ಲಿ ದುಡಿಯುವ ಸಹಾಯಕರಿಗೆ ಈ ಲಿಖಿತ ಒಪ್ಪಂದದ ನಿರ್ಬಂಧವನ್ನು ತೆಗೆದುಹಾಕಿದ್ದು ಈ ದೃಷ್ಟಿಯಿಂದ ದೊಡ್ಡ ನಷ್ಟವೇನಲ್ಲ. ಅದರ ಸ್ಥಾನದಲ್ಲಿ ಏನನ್ನು ಇಡಬೇಕೆಂಬುದಕ್ಕೆ ಮಿಸಿಸಿಪ್ಪಿ ರಾಜ್ಯದಲ್ಲಿ ನಿದರ್ಶನವಿದೆ. ಜ್ಯಾಕ್ಸನ್ ನಗರದಲ್ಲಿರುವ ಆ ರಾಜ್ಯದ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರವು 2003ರಲ್ಲಿ, ಹಳ್ಳಿಗಳ ತುರ್ತು ವಿಭಾಗಗಳಲ್ಲಿ ಕೆಲಸಮಾಡುವ ತರಬೇತಾದ ನರ್ಸುಗಳನ್ನು ದೃಶ್ಯಸಂಪರ್ಕದ ಮೂಲಕ ತನ್ನ ತುರ್ತು ತಜ್ಞರೊಡನೆ ಜೋಡಿಸಿತು. ರೋಗಿ ಎದುರಿಗಿರುವಾಗಲೇ ತಜ್ಞರು ಅವನನ್ನು ನೋಡಿ ಸಲಹೆ ಕೊಡುವುದು ಸಾಧ್ಯವಾಯಿತು. ದಕ್ಷಿಣ ಡಕೋಟಾದ ಸೂ ಫಾಲ್ಸ್ ನಗರದಿಂದ 2009ರಲ್ಲಿ ಆರಂಭವಾದ ಇನ್ನೊಂದು ಸೇವೆ, ಗೋಡೆಯ ಮೇಲಿನ ಒಂದು ಗುಂಡಿಯನ್ನು ಒತ್ತಿದರೆ ತಜ್ಞರು ಪರದೆಯ ಮೇಲೆ ಬರುವಂತೆ ಮಾಡಿ, ಸುತ್ತಣ ರಾಜ್ಯಗಳ ಸಣ್ಣ ಆಸ್ಪತ್ರೆಗಳಿಗೆ ಆಸರೆಯಾಗಿದೆ. ನಡೆದುಹೋದದ್ದಕ್ಕೆ ಸಹಿ ಹಾಕುವ ಮೇಲ್ವಿಚಾರಕರಿಗಿಂತ, ನಡೆಯುತ್ತಿರುವಾಗ ಜೊತೆಗಿರುವ ಸಲಹೆಗಾರರು ರೋಗಿಗೂ ಸಹಾಯಕರಿಗೂ ಎಷ್ಟೋ ಪಾಲು ಬೇಕಾದವರು.

ಈ ಎಲ್ಲ ವಾದಕ್ಕೂ ಒಂದು ನೈತಿಕ ಆಕ್ಷೇಪಣೆ ಎದುರಾಗುವುದುಂಟು: ಪಟ್ಟಣದವರಿಗೆ ಡಾಕ್ಟರು, ಹಳ್ಳಿಯವರಿಗೆ ಸಹಾಯಕರು ಎಂಬ ಭೇದವು ಪ್ರಜಾಪ್ರಭುತ್ವಕ್ಕೆ ಒಪ್ಪುವುದೆ? ನಮ್ಮ ದೇಶದವರಿಗೆ ಈ ಪ್ರಶ್ನೆ ಹೊಸದಲ್ಲ. ಸ್ವಾತಂತ್ರ್ಯಪೂರ್ವ ಭಾರತದಲ್ಲಿ ಎಲ್.ಎಂ.ಪಿ. ಮುಂತಾದ ಹೆಸರಿನ ಕಿರುಶಿಕ್ಷಣ ಪಡೆದ ಲೈಸೆನ್ಶಿಯೇಟ್ ವೈದ್ಯರು ಊರೂರಲ್ಲಿದ್ದರು; 1946ರಲ್ಲಿ ಭೋರ್ ಸಮಿತಿಯು ವರದಿ ಕೊಟ್ಟಾಗ, ನೋಂದಾಯಿತರಾದ 47,524 ವೈದ್ಯರಲ್ಲಿ 29,870 ಮಂದಿ ಈ ವರ್ಗದವರಾಗಿದ್ದರು. ದೇಶಕ್ಕೆಲ್ಲ ಒಂದೇ ದರ್ಜೆಯ ವೈದ್ಯನಿರಬೇಕೆಂಬ ಉದಾತ್ತವಾದ ಆಶಯದಿಂದ ಸಮಿತಿಯ ಬಹುಮತವು ಈ ಶಿಕ್ಷಣವನ್ನು ನಿಲ್ಲಿಸಲು ಸೂಚಿಸಿತು. ಕೆಲವು ಸದಸ್ಯರು, ಹಳ್ಳಿಗಳ ಗತಿಯೇನೆಂದು ಭಿನ್ನಮತವನ್ನು ಬರೆದರು. ಬಹುಮತದ ಆದರ್ಶವೇ ಗೆದ್ದಿತು. ಎಪ್ಪತ್ತೈದು ವರ್ಷಗಳು ಕಳೆದ ಮೇಲೂ ಹಳ್ಳಿಗೆ ಆ ಒಂದೇ ದರ್ಜೆಯ ವೈದ್ಯರು ಬೇಕಾದಷ್ಟು ಸಂಖ್ಯೆಯಲ್ಲಿ ತಲಪಿಲ್ಲ. ಅವರಿಲ್ಲದ ತೆರವನ್ನು ಯಾವ ಶಿಕ್ಷಣವೂ ಇಲ್ಲದವರು ತುಂಬಿದರು. ಎರಡನೆಯ ದರ್ಜೆಯದೆಂದು ಒಂದನ್ನು ನಿಷೇಧಿಸಿ, ಅದರಿಂದ ಮೂರನೆಯ ದರ್ಜೆಯದಕ್ಕೆ ಎಡೆಮಾಡಿಕೊಟ್ಟರೆ, ಅದನ್ನು ಸಮಾನತೆಯೆಂದು ಕರೆಯಲಾಗದು. ಸಮಾನತೆಯನ್ನು ಕೋರುವವರು ಹಳ್ಳಿಯ ಸಹಾಯಕರನ್ನು ಕೆಲಸದಿಂದ ಬಿಡಿಸುವುದಕ್ಕೆ ಬದಲು, ಪಟ್ಟಣದ ತಜ್ಞರನ್ನು ಅವರ ಬೆನ್ನಿಗೆ ನಿಲ್ಲಿಸುವುದಕ್ಕಾಗಿ ಹೋರಾಡಲಿ.

ವೈದ್ಯಸಹಾಯಕರ ವೃತ್ತಿ ಭಾರತಕ್ಕೂ ಬಂದಿದೆ. ಚೆನ್ನೈಯಲ್ಲಿ ಹೃದಯ ಶಸ್ತ್ರವೈದ್ಯರಾಗಿದ್ದ ಡಾ. ಕೆ. ಎಂ. ಚೆರಿಯನ್ 1992ರಲ್ಲಿ ಅದನ್ನು ಆರಂಭಿಸಿದರು. ನಮ್ಮ ರಾಜ್ಯದಲ್ಲಿಯೂ ಈ ಶಿಕ್ಷಣವುಂಟು. ಆದರೆ ಹಳ್ಳಿಗಾಗಿ ಹುಟ್ಟಿದ ವೃತ್ತಿ ಇಲ್ಲಿ ಹೆಚ್ಚಾಗಿ ಮಹಾನಗರಗಳ ದೊಡ್ಡ ಆಸ್ಪತ್ರೆಗಳಲ್ಲಿಯೇ ನೆಲಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ 2019ರ ಅಧಿನಿಯಮದ 32ನೆಯ ಪ್ರಕರಣವು, ಸಮುದಾಯ ಆರೋಗ್ಯ ಸೇವಾದಾರರೆಂಬ ಮಧ್ಯಮಸ್ತರದ ಚಿಕಿತ್ಸಕರಿಗೆ ಪ್ರಾಥಮಿಕ ಮತ್ತು ರೋಗನಿರೋಧಕ ಚಿಕಿತ್ಸೆಯಲ್ಲಿ ಮಾತ್ರ ನಿರ್ದಿಷ್ಟ ಔಷಧಗಳನ್ನು ಸ್ವತಂತ್ರವಾಗಿ ಕೊಡಲು ಅವಕಾಶವಿತ್ತು, ಉಳಿದೆಡೆ ಡಾಕ್ಟರ ಮೇಲ್ವಿಚಾರಣೆಯನ್ನು ವಿಧಿಸಿದೆ. ವೈದ್ಯರು ದೇಶದಾದ್ಯಂತ ಮುಷ್ಕರ ಹೂಡಿ ಅಷ್ಟನ್ನೂ ವಿರೋಧಿಸಿದರು. ಇಲ್ಲಿಯೂ ವಾದವು ಪದವಿಯ ಸುತ್ತಲೇ ತಿರುಗಿತು. ದೂರವನ್ನು ಅಳೆಯುವ ಮಾತು ಯಾರ ಬಾಯಿಂದಲೂ ಹೆಚ್ಚಾಗಿ ಕೇಳಿಬರಲಿಲ್ಲ.

ಕರ್ನಾಟಕದಲ್ಲಿ ಗಾರ್ಫೀಲ್ಡ್ ಕೌಂಟಿಯಂಥ ಶೂನ್ಯಪ್ರದೇಶವಿಲ್ಲ, ನಿಜ. ಆದರೆ ದೂರವನ್ನು ಮೈಲಿಯಲ್ಲಿ ಅಳೆಯದೆ ಗಂಟೆಗಳಲ್ಲಿ ಅಳೆದರೆ, ಮಳೆಗಾಲದ ಜೋಯಿಡಾ ಮತ್ತು ಮಲೆಮಹದೇಶ್ವರ ಬೆಟ್ಟದ ಸುತ್ತಣ ಪೋಡುಗಳು ಜೋರ್ಡನ್ನಿಗಿಂತ ಹೆಚ್ಚು ಸಮೀಪದಲ್ಲೇನೂ ಇಲ್ಲ. ಉತ್ತರ ಕನ್ನಡದ ಜನರು ಮಂಗಳೂರಿಗೋ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವೆಗೋ ಓಡದೆ ತಮ್ಮಲ್ಲಿಯೇ ತುರ್ತು ಚಿಕಿತ್ಸೆ ದೊರೆಯುವಂತೆ ಸುಸಜ್ಜಿತವಾದ ಆಸ್ಪತ್ರೆ ಬೇಕೆಂದು ವರ್ಷಗಳಿಂದ ಕೇಳುತ್ತಿದ್ದಾರೆ. ನಮ್ಮಲ್ಲಿ ಈ ದಿಕ್ಕಿನಲ್ಲಿ ಒಂದು ಒಳ್ಳೆಯ ಹೆಜ್ಜೆಯೂ ಬಿದ್ದಿದೆ: ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ಜಯದೇವ ಸಂಸ್ಥೆಯಂಥ ಕೇಂದ್ರದ ತಜ್ಞರು ದೂರದಿಂದಲೇ ನೋಡಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುತ್ತಾರೆ. ಹೃದಯಾಘಾತಕ್ಕೆ ಸಾಧ್ಯವಾದದ್ದು ಹಾವು ಕಡಿದವರಿಗೆ, ಅಪಘಾತದ ಗಾಯಾಳುಗಳಿಗೆ, ಬಾಣಂತಿಯ ರಕ್ತಸ್ರಾವಕ್ಕೆ ಏಕೆ ಸಾಧ್ಯವಾಗಬಾರದು? 2012ರ ಕಡ್ಡಾಯ ಸೇವೆಯ ಕಾನೂನಿನಂತೆ ಹಳ್ಳಿಗೆ ಬಂದು ನಿಲ್ಲುವ ಹೊಸ ಡಾಕ್ಟರಿಗೂ, ಆರೋಗ್ಯ ಮಂದಿರದ ಸಮುದಾಯ ಆರೋಗ್ಯ ಅಧಿಕಾರಿಗೂ, 108 ಆಂಬ್ಯುಲೆನ್ಸಿನೊಳಗೆ ರೋಗಿಯ ತಲೆಯ ಬಳಿ ಕುಳಿತ ತಂತ್ರಜ್ಞರಿಗೂ ನಡುರಾತ್ರಿಯಲ್ಲಿ ಕೊರತೆಯಾಗುವುದು ಒಂದೇ: ಕೇಳಿದರೆ ತಪ್ಪದೆ ಉತ್ತರಿಸುವ ಹಿರಿಯರ ದನಿ.

ಆದುದರಿಂದ ನಮ್ಮ ಸರಕಾರವು ಅಮೆರಿಕದ ಯಾವ ಒಂದು ಪಕ್ಷವನ್ನೂ ಹಾಗೆಯೇ ಅನುಕರಿಸಬೇಕಾಗಿಲ್ಲ. ರಾಜ್ಯದ ಬಹುಪಾಲು ಜಿಲ್ಲೆಗಳಲ್ಲಿ ಈಗ ಸರಕಾರಿ ವೈದ್ಯಕೀಯ ಕಾಲೇಜುಗಳಿವೆ. ಅವುಗಳ ತುರ್ತು ವಿಭಾಗಗಳಲ್ಲಿ ದಿನದ 24 ಗಂಟೆಯೂ ಒಬ್ಬ ತಜ್ಞರನ್ನು, ಬೇರೆ ಕೆಲಸ ಹೇಳದೆ, ದೂರದ ಕರೆಗಳಿಗೆ ಉತ್ತರಿಸುವುದಕ್ಕೆಂದೇ ನೇಮಿಸಲಿ. ತಜ್ಞರಿರುವ ಆಸ್ಪತ್ರೆಗೆ ಒಂದು ಗಂಟೆಯೊಳಗೆ ತಲಪಲಾಗದ ಊರುಗಳ ಪಟ್ಟಿಯನ್ನು ತಾಲ್ಲೂಕುವಾರು ತಯಾರಿಸಿ ಪ್ರಕಟಿಸಲಿ. ಆ ಊರುಗಳಲ್ಲಿ ನಿಲ್ಲಲು ಒಪ್ಪುವ ನರ್ಸು, ಆರೋಗ್ಯ ಅಧಿಕಾರಿ ಮತ್ತು ವೈದ್ಯಸಹಾಯಕರಿಗೆ ಪ್ರಾಣರಕ್ಷಣೆಯ ಕೆಲವೇ ನಿರ್ದಿಷ್ಟ ಕ್ರಿಯೆಗಳನ್ನು ಚೆನ್ನಾಗಿ ಕಲಿಸಿ, ತಜ್ಞರ ಮಾತಿನ ಮೇಲೆ ಅವುಗಳನ್ನು ಮಾಡುವ ಅಧಿಕಾರವನ್ನೂ, ಸದ್ಭಾವದಿಂದ ಮಾಡಿದುದಕ್ಕೆ ರಕ್ಷಣೆಯನ್ನೂ ಕೊಡಲು ಬೇಕಾದ ಕಾನೂನನ್ನು ಕೇಂದ್ರದಿಂದ ಕೇಳಿ ಪಡೆಯಲಿ. ಪಟ್ಟಿಯ ಹೊರಗಿನ ಊರುಗಳಲ್ಲಿ ಡಾಕ್ಟರೇ ಇರಲಿ; ಅಲ್ಲಿ ಯಾವ ರಿಯಾಯಿತಿಯೂ ಬೇಡ. ಮೊದಲು ಆಗಬೇಕಾದದ್ದು ಆ ಪಟ್ಟಿ. ಯಾವ ಊರಿನಿಂದ ಎಷ್ಟು ಹೊತ್ತು ಎಂಬುದನ್ನು ಅಳೆದು ಬರೆಯುವುದಕ್ಕೆ ಹೊಸ ಶಾಸನವೂ ಬೇಡ, ದೊಡ್ಡ ವೆಚ್ಚವೂ ಇಲ್ಲ. ಆರೋಗ್ಯ ಇಲಾಖೆಯು ಮನಸ್ಸು ಮಾಡಿದರೆ ಮುಂದಿನ ಮಳೆಗಾಲದೊಳಗೆ ಅದನ್ನು ಜನರ ಮುಂದಿಡಬಹುದು, ಇಡಬೇಕು.